ಕಾರು ಕೈ ಬದಲಾಗೋವಾಗ, ಫೋನ್ ಕೈ ತಪ್ಪೋವಾಗ: ನಿಮ್ಮ ಡೇಟಾ ಉಳಿಸ್ಕೊಳ್ಳೋದು ಹೇಗೆ

ಮಾರಿ ಐದು ತಿಂಗಳಾಗಿದ್ದ ಕಾರಿಂದ ಒಂದಿನ ಬೆಳಗ್ಗೆ ಆರೂವರೆಗೆ ನನ್ನ ಫೋನಿಗೆ ನೋಟಿಫಿಕೇಶನ್ ಬಂತು, ಹಿಂದಿನ ಎಡಗಡೆ ಟೈರಲ್ಲಿ ಗಾಳಿ ಕಮ್ಮಿ ಇದೆ ಅಂತ. ನಿದ್ದೆಗಣ್ಣಲ್ಲೇ ಕಾರಿನ ಆಪ್ ಓಪನ್ ಮಾಡಿದೆ. ಮ್ಯಾಪಲ್ಲಿ ನನ್ನ ಹಳೇ ಗಾಡಿ ತುಮಕೂರಿನ ಒಂದು ಬಡಾವಣೆಯಲ್ಲಿ ನಿಂತಿದೆ, ಕೆಳಗೆ ಐದು ತಿಂಗಳ ಟ್ರಿಪ್ ಹಿಸ್ಟರಿ ಪೂರ್ತಿ ಕೂತಿದೆ. ದಿನಾ ಎಂಟೂ ಇಪ್ಪತ್ತಕ್ಕೆ ಒಂದು ಸ್ಕೂಲ್ ಮುಂದೆ ನಾಲ್ಕು ನಿಮಿಷ ನಿಲ್ಲತ್ತೆ, ಆಮೇಲೆ ಒಂದು ಆಸ್ಪತ್ರೆ, ಭಾನುವಾರ ಬೆಳಗ್ಗೆ ಹೊರಟ್ರೆ ರಾತ್ರಿ ಒಂಬತ್ತರವರೆಗೂ ಮನೆಗೆ ಬರಲ್ಲ. ಪಕ್ಕದಲ್ಲೇ ಡೋರ್ ಅನ್‌ಲಾಕ್ ಬಟನ್. ನಾನು ಒತ್ತಿದ್ರೆ ಬಾಗಿಲು ತೆಗೆಯತ್ತೆ. ಆ ಮನುಷ್ಯನ ಮುಖ ನಾನು ಒಂದೇ ಸಲ ನೋಡಿದ್ದು, ಅವರ ಮಗು ಯಾವ ಸ್ಕೂಲಿಗೆ ಹೋಗತ್ತೆ ಅಂತ ನಂಗೆ ಗೊತ್ತಾಗ್ಬಿಟ್ಟಿತ್ತು. ಕೈ ನಡುಗಿತು ನಿಜವಾಗ್ಲೂ.

ಅವತ್ತೇ ಇನ್ನೊಂದು ಹೊಳೀತು, ನಂಗೆ ಅವರದ್ದು ಇಷ್ಟು ಕಾಣ್ತಿದ್ರೆ ಅವರಿಗೆ ನನ್ನದು ಏನೇನು ಸಿಕ್ಕಿರಬಹುದು ಅಂತ. ಕಾರಿನ ಸ್ಕ್ರೀನಲ್ಲಿ ನನ್ನ ಫೋನಿನ ಕಾಂಟ್ಯಾಕ್ಟ್ಸ್ ಅಷ್ಟೂ ಸಿಂಕ್ ಆಗಿತ್ತು, ಅಮ್ಮನ ನಂಬರು, ಮ್ಯಾನೇಜರ್ ನಂಬರು, ಡಾಕ್ಟರ್ ನಂಬರು ಎಲ್ಲ. ನ್ಯಾವಿಗೇಶನ್ನಲ್ಲಿ ಮನೆ, ಆಫೀಸು, ಊರಿನ ಮನೆ ಅಂತ ಹೆಸರು ಕೊಟ್ಟು ಸೇವ್ ಮಾಡಿದ್ದೆ. ಒಂದನ್ನೂ ಅಳಿಸಿರ್ಲಿಲ್ಲ.

ಅವತ್ತಿಂದ ನಾನು ಹೇಳ್ತಾ ಬಂದಿರೋದು ಒಂದೇ ಮಾತು. ಡೇಟಾ ಅಂದ ತಕ್ಷಣ ನಮಗೆ ಎಲ್ಲೋ ಕತ್ತಲೆ ರೂಮಲ್ಲಿ ಕೂತ ಹ್ಯಾಕರ್ ನೆನಪಾಗ್ತಾನೆ, ಆದ್ರೆ ನಮ್ಮಂಥವರ ಮಾಹಿತಿ ಜಾಸ್ತಿ ಸೋರೋದು ವಸ್ತು ಕೈ ಬದಲಾಗೋ ಹೊತ್ತಲ್ಲಿ. ಮಾರೋವಾಗ, ಕೊಳ್ಳೋವಾಗ, ಸರ್ವಿಸಿಗೆ ಬಿಡೋವಾಗ, ಗಾಡಿ ಪಾರ್ಕ್ ಮಾಡಿಕೊಡೋ ವ್ಯಾಲೆ ಹುಡುಗನಿಗೆ ಕೀ ಕೊಡೋವಾಗ, ಬಸ್ಸಲ್ಲಿ ಫೋನ್ ಕಳೆದಾಗ. ಅದಕ್ಕೇ ಈ ಲೇಖನನ ಸೆಟ್ಟಿಂಗ್ಸ್ ಮೆನು ಪ್ರಕಾರ ಬರೀದೆ, ಗಾಡಿ ಮತ್ತೆ ಫೋನ್ ಯಾರ ಕೈಗೆ ಹೋಗತ್ತೆ ಅನ್ನೋ ಲೆಕ್ಕದಲ್ಲಿ ಬರ್ದಿದೀನಿ.

ಮೊದ್ಲು, ನಿಮ್ಮ ಕಾರಿಗೆ ಸಿಮ್ ಇದ್ಯಾ ನೋಡ್ಕೊಳ್ಳಿ

ತುಂಬ ಜನಕ್ಕೆ ತಮ್ಮ ಕಾರೊಳಗೆ ಸಿಮ್ ಇದೆ ಅನ್ನೋದೇ ಗೊತ್ತಿಲ್ಲ. 2019ರಲ್ಲಿ ಮೇ ತಿಂಗಳಲ್ಲಿ ಹ್ಯುಂಡೈ ವೆನ್ಯೂ, ಜೂನಲ್ಲಿ ಎಂಜಿ ಹೆಕ್ಟರ್, ಆಗಸ್ಟಲ್ಲಿ ಕಿಯಾ ಸೆಲ್ಟೋಸ್ ಬಂದ್ಮೇಲೆ ಇದು ನಮ್ಮಲ್ಲಿ ಮಾಮೂಲಿ ಆಯ್ತು, ಆಮೇಲೆ ಟಾಟಾ, ಮಹೀಂದ್ರಾ, ಮಾರುತಿ, ಟೊಯೋಟಾ ಎಲ್ಲರೂ ಕೊಡೋಕೆ ಶುರು ಮಾಡಿದ್ರು. ಇದು ನಾವು ತೆಗೆದು ಹಾಕೋ ಸಿಮ್ ಅಲ್ಲ, ಗಾಡಿಯೊಳಗಿನ ಬೋರ್ಡಲ್ಲೇ ಕೂತಿರೋ ಇ-ಸಿಮ್. ಗಾಡಿ ಎಲ್ಲಿದೆ, ಎಷ್ಟು ಸ್ಪೀಡು, ಎಲ್ಲಿ ಜೋರಾಗಿ ಬ್ರೇಕ್ ಹಾಕಿದ್ರಿ, ಬಾಗಿಲು ಲಾಕ್ ಆಗಿದ್ಯಾ, ಪೆಟ್ರೋಲ್ ಎಷ್ಟಿದೆ, ಇಂಥದ್ದೆಲ್ಲ ಆ ಸಿಮ್ ಮೂಲಕ ಕಂಪನಿ ಸರ್ವರಿಗೆ ಹೋಗತ್ತೆ, ಅಲ್ಲಿಂದ ನಿಮ್ಮ ಆಪಿಗೆ ಬರತ್ತೆ. ಕಾರು ಕದ್ದಾಗ ಹುಡುಕೋಕೆ, ಆಕ್ಸಿಡೆಂಟ್ ಆದ್ರೆ ಎಸ್‌ಒಎಸ್ ಕಾಲ್ ಹೋಗೋಕೆ ಇದು ಬೇಕೇ ಬೇಕು. ಹಾಗಾಗಿ ಇದನ್ನ ಕಿತ್ತು ಬಿಸಾಕಿ ಅಂತ ನಾನು ಹೇಳಲ್ಲ. ಏನು ಹೋಗ್ತಿದೆ, ಯಾರಿಗೆ ಹೋಗ್ತಿದೆ ಅಂತ ಗೊತ್ತಿರ್ಲಿ ಅಷ್ಟೇ.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ಸರ್ವರಿಗೆ ಹೋದ್ಮೇಲೆ ಅದು ನಮ್ಮ ಕೈಲಿಲ್ಲ. ಟೊಯೋಟಾ ಕಂಪನಿ 2023ರಲ್ಲಿ ಒಪ್ಕೊಂಡಿತು, ಕ್ಲೌಡ್ ಸೆಟ್ಟಿಂಗ್ ತಪ್ಪಾಗಿ ಜಪಾನಿನ ಸುಮಾರು 21.5 ಲಕ್ಷ ಗ್ರಾಹಕರ ಗಾಡಿ ಮಾಹಿತಿ ಹತ್ತು ವರ್ಷ ಬಾಗಿಲು ತೆರೆದಿಟ್ಟ ಹಾಗೆ ಇತ್ತು ಅಂತ. ಜರ್ಮನಿಯ ಫೋಕ್ಸ್‌ವ್ಯಾಗನ್ ಗ್ರೂಪಿನ ಸುಮಾರು 8 ಲಕ್ಷ ಎಲೆಕ್ಟ್ರಿಕ್ ಕಾರುಗಳ ಡೇಟಾ ಹೀಗೇ ತೆರೆದುಕೊಂಡಿದ್ದದ್ದು 2024ರ ಡಿಸೆಂಬರಲ್ಲಿ ಹೊರಗೆ ಬಂತು, ಅದ್ರಲ್ಲಿ ನಾಲ್ಕೂವರೆ ಲಕ್ಷಕ್ಕಿಂತ ಜಾಸ್ತಿ ಗಾಡಿ ಎಲ್ಲಿ ನಿಂತಿತ್ತು ಅನ್ನೋದು ಸರಿಯಾಗಿ ಗೊತ್ತಾಗೋ ಹಾಗಿತ್ತು. ಫೈರ್‌ಫಾಕ್ಸ್ ಬ್ರೌಸರಿನ ಹಿಂದಿರೋ ಮೊಜಿಲ್ಲಾ ಫೌಂಡೇಶನ್ 2023ರಲ್ಲಿ 25 ಕಾರ್ ಬ್ರ್ಯಾಂಡುಗಳ ಪ್ರೈವೆಸಿ ಪಾಲಿಸಿ ಕೂತು ಓದಿತು, ಒಂದೂ ಪಾಸಾಗ್ಲಿಲ್ಲ. ಅಮೆರಿಕಾದಲ್ಲಂತೂ ಜನರಲ್ ಮೋಟಾರ್ಸ್ ಜನರ ಡ್ರೈವಿಂಗ್ ಅಭ್ಯಾಸದ ಲೆಕ್ಕನ ಡೇಟಾ ಕಂಪನಿಗಳಿಗೆ ಕೊಡ್ತಿದ್ದದ್ದು 2024ರಲ್ಲಿ ಹೊರಗೆ ಬಂತು, ಆ ಲೆಕ್ಕ ಇನ್ಶೂರೆನ್ಸ್ ಕಂಪನಿಗಳಿಗೆ ಹೋಗಿ ಕೆಲವರ ಪ್ರೀಮಿಯಂ ಏರಿತ್ತು, ತಮ್ಮ ಗಾಡಿನೇ ತಮ್ಮ ಮೇಲೆ ವರದಿ ಕೊಡ್ತಿದೆ ಅಂತ ಅವರಿಗೆ ಗೊತ್ತೇ ಇರ್ಲಿಲ್ಲ.

ಇಲ್ಲೂ 2022ರ ಜುಲೈನಿಂದ ವಿಮೆ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ, ಎಷ್ಟು ಓಡಿಸ್ತೀರ, ಹೇಗೆ ಓಡಿಸ್ತೀರ ಅನ್ನೋದರ ಮೇಲೆ ಪ್ರೀಮಿಯಂ ಹಾಕೋ ಆಡ್-ಆನ್‌ಗಳಿಗೆ ಅವಕಾಶ ಕೊಟ್ಟಿದೆ. ಕಮ್ಮಿ ಓಡಿಸೋರಿಗೆ ಅದು ಲಾಭವೇ. ಆದ್ರೆ ಆಪಲ್ಲಿ ಡ್ರೈವಿಂಗ್ ಸ್ಕೋರ್, ಡ್ರೈವಿಂಗ್ ಬಿಹೇವಿಯರ್ ಅಂತ ಏನಾದ್ರೂ ಆನ್ ಮಾಡೋ ಮುಂಚೆ ಅದು ಮೂರನೇ ಕಂಪನಿಗೆ ಹೋಗತ್ತಾ ಅಂತ ಓದಿ ಒತ್ತಿ. ಶೋರೂಮಲ್ಲಿ ಡೆಲಿವರಿ ದಿನ ಹಾರ ಹಾಕಿ ಫೋಟೋ ತೆಗೀತಾ ಇರೋವಾಗ ಸೇಲ್ಸ್ ಹುಡುಗ ನಿಮ್ಮ ಫೋನ್ ಇಸ್ಕೊಂಡು ಎಲ್ಲದಕ್ಕೂ ಅಲೋ ಅಲೋ ಅಂತ ಒತ್ತಿ ಕೊಡ್ತಾನಲ್ಲ, ಹಾಗೆ ಮಾಡೋಕೆ ಬಿಡಬೇಡಿ, ಮನೆಗೆ ಬಂದು ನಿಧಾನಕ್ಕೆ ನೀವೇ ಮಾಡ್ಕೊಳ್ಳಿ. ಪಾಸ್‌ವರ್ಡ್, ಪಿನ್ ಅವನು ಇಟ್ಟಿದ್ರೆ ಅವತ್ತೇ ಬದಲಾಯಿಸಿ.

ಫೋನಿಂದ ಶುರು ಮಾಡಿ, ಕಾರಿನ ಕೀ ಈಗ ಅದೇ

ಕಾರ್ ಆಪ್ ಇರೋ ಫೋನ್ ಅಂದ್ರೆ ಅದು ಕಾರ್ ಕೀ. ಹಾಗಾಗಿ ಫೋನ್ ಭದ್ರ ಇಲ್ದೆ ಕಾರ್ ಭದ್ರ ಇಲ್ಲ. ಇವತ್ತು ರಾತ್ರಿ ಊಟ ಆದ್ಮೇಲೆ ಅರ್ಧ ಗಂಟೆ ಕೂತ್ಕೊಳ್ಳಿ, ಈ ಕೆಲಸ ಮಾಡಿ.

ಆಂಡ್ರಾಯ್ಡ್ ಆದ್ರೆ ಸೆಟ್ಟಿಂಗ್ಸ್, ಅಲ್ಲಿ ಪ್ರೈವೆಸಿ, ಅಲ್ಲಿ ಪರ್ಮಿಷನ್ ಮ್ಯಾನೇಜರ್, ಅದ್ರೊಳಗೆ ಲೊಕೇಶನ್ ಒತ್ತಿ. ಯಾವ್ಯಾವ ಆಪ್ ಯಾವಾಗ್ಲೂ ನಿಮ್ಮ ಲೊಕೇಶನ್ ನೋಡ್ತಿದೆ ಅಂತ ಪಟ್ಟಿ ಬರತ್ತೆ, ನೋಡಿದ್ರೆ ಗಾಬರಿ ಆಗತ್ತೆ. ಟಾರ್ಚ್ ಆಪಿಗೆ, ಫೋಟೋ ಎಡಿಟ್ ಮಾಡೋ ಆಪಿಗೆ, ದಿನಸಿ ಆಪಿಗೆ ಯಾವಾಗ್ಲೂ ಯಾಕೆ ಬೇಕು? ಬಳಸುವಾಗ ಮಾತ್ರ ಅಂತ ಬದಲಾಯಿಸಿ. ಆಂಡ್ರಾಯ್ಡ್ 12ರಿಂದ ಈಚೆಗೆ ಪ್ರಿಸೈಸ್ ಲೊಕೇಶನ್ ಅಂತ ಇನ್ನೊಂದು ಬಟನ್ ಇದೆ, ಹವಾಮಾನದ ಆಪಿಗೆ ನೀವು ಯಾವ ಬೀದೀಲಿ ಇದೀರ ಅಂತ ಗೊತ್ತಾಗೋದು ಬೇಡ, ಊರು ಗೊತ್ತಾದ್ರೆ ಸಾಕು, ಅದನ್ನ ಆಫ್ ಮಾಡಿ. ಐಫೋನಲ್ಲೂ ಪ್ರೈವೆಸಿ ಅಂಡ್ ಸೆಕ್ಯುರಿಟಿ ಒಳಗೆ ಲೊಕೇಶನ್ ಸರ್ವೀಸಸ್ ಅಂತ ಇದೇ ಥರ ಇದೆ.

ಅದೇ ಪಟ್ಟೀಲಿ ಕಾಂಟ್ಯಾಕ್ಟ್ಸ್, ಎಸ್ಸೆಮ್ಮೆಸ್, ಮೈಕ್ರೋಫೋನ್ ಕೂಡ ನೋಡಿ. ಕಾಂಟ್ಯಾಕ್ಟ್ಸ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ಸಾಲದ ಆಪುಗಳು ಎಷ್ಟು ಮನೆ ಹಾಳು ಮಾಡಿವೆ ಅಂತ ನಾವೆಲ್ಲ ನೋಡಿದೀವಿ, ಐದು ಸಾವಿರ ಸಾಲಕ್ಕೆ ನೆಂಟರಿಗೆಲ್ಲ ಫೋನ್ ಮಾಡಿ ಮರ್ಯಾದೆ ತೆಗೀತಾರೆ. ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಲ್ಲೇ ಹೇಳಿಬಿಟ್ಟಿದೆ, ಸಾಲ ಕೊಡೋ ಆಪ್ ನಿಮ್ಮ ಕಾಂಟ್ಯಾಕ್ಟ್ ಲಿಸ್ಟ್, ಕಾಲ್ ಲಾಗ್, ಫೈಲುಗಳನ್ನ ಮುಟ್ಟೋ ಹಾಗೇ ಇಲ್ಲ. ಕೇಳಿದ್ರೆ ಅಂಥ ಆಪ್ ತಕ್ಷಣ ತೆಗೆದು ಹಾಕಿ. ಬರೀ ನಿಮ್ಮ ಡೇಟಾ ಅಲ್ಲ ಅದು, ನಿಮ್ಮ ಫೋನಲ್ಲಿರೋ ಐನೂರು ಜನರದ್ದು, ಅವರ್ಯಾರೂ ಒಪ್ಪಿಗೆ ಕೊಟ್ಟಿರಲ್ಲ.

ಇನ್ನೆರಡು ಚಿಕ್ಕ ಕೆಲಸ. ಲಾಕ್ ಸ್ಕ್ರೀನ್ ಮೇಲೆ ಮೆಸೇಜಿನ ಒಳಗಿನ ವಿಷಯ ಕಾಣದ ಹಾಗೆ ಮಾಡಿ, ಇಲ್ಲಾಂದ್ರೆ ಫೋನ್ ಲಾಕ್ ಆಗಿದ್ರೂ ಒಟಿಪಿ ಮೇಲೇ ಕಾಣತ್ತೆ. ಮತ್ತೆ ಸಿಮ್ ಲಾಕ್ ಹಾಕಿ, ಕಳ್ಳ ನಿಮ್ಮ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದ್ರೂ ಪಿನ್ ಕೇಳತ್ತೆ. ಆದ್ರೆ ಹುಷಾರು, ಸಿಮ್ಮಿನ ಹಳೇ ಪಿನ್ ಏನು ಅಂತ ನಿಮ್ಮ ನೆಟ್‌ವರ್ಕ್ ಕಂಪನಿಯವರನ್ನ ಕೇಳಿಯೇ ಹಾಕಿ, ಊಹೆ ಮೇಲೆ ಮೂರು ಸಲ ತಪ್ಪು ಹೊಡೆದ್ರೆ ಸಿಮ್ ಲಾಕ್ ಬಿಡಿಸೋ ಪಿಯುಕೆ ನಂಬರ್ ಕೇಳತ್ತೆ, ಅದನ್ನೂ ಹತ್ತು ಸಲ ತಪ್ಪು ಮಾಡಿದ್ರೆ ಸಿಮ್ಮೇ ಸತ್ತೋಗತ್ತೆ. ವಾಟ್ಸಾಪಲ್ಲಿ ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡೋದಂತೂ ಹೇಳೋದೇ ಬೇಡ.

ಫೋನನ್ನ ಕಾರಿಗೆ ಜೋಡಿಸೋವಾಗ

ಬ್ಲೂಟೂತ್ ಕನೆಕ್ಟ್ ಮಾಡಿದ ಕೂಡ್ಲೇ ಕಾಂಟ್ಯಾಕ್ಟ್ಸ್ ಮತ್ತೆ ಕಾಲ್ ಹಿಸ್ಟರಿ ಕೊಡ್ಲಾ ಅಂತ ಫೋನ್ ಕೇಳತ್ತೆ, ಎಲ್ಲರೂ ಕಣ್ಮುಚ್ಚಿ ಅಲೋ ಒತ್ತೋ ಜಾಗ ಇದೇ. ಒತ್ತಿದ್ರೆ ತುಂಬ ಗಾಡಿಗಳಲ್ಲಿ ಆ ಪಟ್ಟಿ ಕಾರಿನ ಮೆಮೊರಿಗೇ ಕಾಪಿ ಆಗತ್ತೆ. ನಿಮ್ಮ ಸ್ವಂತ ಕಾರು, ನೀವೊಬ್ಬರೇ ಓಡಿಸೋದು ಅಂದ್ರೆ ಕೊಡಿ, ಹೆಸರು ನೋಡಿ ಕಾಲ್ ಎತ್ತೋಕೆ ಅನುಕೂಲ. ಸ್ನೇಹಿತರ ಗಾಡಿ, ಆಫೀಸ್ ಗಾಡಿ, ಕ್ಯಾಬ್ ಆದ್ರೆ ಬೇಡ ಅನ್ನಿ, ಹಾಡು ಕೇಳೋಕೆ, ಕಾಲ್ ಮಾತಾಡೋಕೆ ಕಾಂಟ್ಯಾಕ್ಟ್ಸ್ ಬೇಕಾಗಿಲ್ಲ.

ಆಂಡ್ರಾಯ್ಡ್ ಆಟೋ ಅಥವಾ ಕಾರ್‌ಪ್ಲೇ ಇದ್ರೆ ನಾನು ಅದನ್ನೇ ಬಳಸಿ ಅಂತೀನಿ. ಅದ್ರಲ್ಲಿ ಮ್ಯಾಪು, ಹಾಡು ಎಲ್ಲ ಫೋನಲ್ಲೇ ಓಡ್ತಾ ಕಾರ್ ಸ್ಕ್ರೀನ್ ಬರೀ ಟಿವಿ ಥರ ತೋರಿಸತ್ತೆ, ಕೇಬಲ್ ಕಿತ್ತ ಮೇಲೆ ಕಾರೊಳಗೆ ಉಳಿಯೋದು ಕಮ್ಮಿ. ಕಾರಿನದ್ದೇ ನ್ಯಾವಿಗೇಶನ್ನಿಗೆ ಅಡ್ರೆಸ್ ಹಾಕಿದ್ರೆ ಅದು ಅಲ್ಲೇ ಕೂತಿರತ್ತೆ. ಒಂದು ಸಣ್ಣ ಉಪಾಯ, ಮನೆ ಅಂತ ನಿಮ್ಮ ಬಾಗಿಲ ಮುಂದಿನ ಜಾಗ ಸೇವ್ ಮಾಡೋ ಬದಲು ಹತ್ತಿರದ ಬಸ್ ಸ್ಟಾಪೋ ಪೆಟ್ರೋಲ್ ಬಂಕೋ ಸೇವ್ ಮಾಡಿ, ಅಲ್ಲಿಂದ ಮನೆಗೆ ದಾರಿ ನಿಮಗೆ ಗೊತ್ತೇ ಇದೆ.

ಕಾರಿನ ಆಪಲ್ಲಿ ರಿಮೋಟ್ ಅನ್‌ಲಾಕಿಗೆ ಬೇರೆ ಪಿನ್ ಇಡೋ ಅವಕಾಶ ಇದ್ರೆ ಇಡಿ, ಫೋನ್ ಲಾಕಿನ ಪಿನ್, ಯುಪಿಐ ಪಿನ್ ಅದಕ್ಕೆ ಹಾಕ್ಬೇಡಿ. ಕಾರಿನ ವೈಫೈ ಹಾಟ್‌ಸ್ಪಾಟ್ ಪಾಸ್‌ವರ್ಡ್ ಬದಲಾಯಿಸಿ. ಅಪ್‌ಡೇಟ್ ಬಂದ್ರೆ ಮುಂದೂಡಬೇಡಿ, ಯಾಕಂದ್ರೆ 2024ರಲ್ಲಿ ಅಮೆರಿಕಾದ ಕೆಲವು ಸಂಶೋಧಕರು ಬರೀ ನಂಬರ್ ಪ್ಲೇಟ್ ಗೊತ್ತಿದ್ರೆ ಸಾಕು, ಅಲ್ಲಿನ ಕಿಯಾ ಗಾಡಿಗಳನ್ನ ದೂರದಿಂದ ಅನ್‌ಲಾಕ್ ಮಾಡಬಹುದು, ಎಲ್ಲಿದೆ ಅಂತ ನೋಡಬಹುದು ಅಂತ ತೋರಿಸಿದ್ರು, ಕಂಪನಿ ಅದನ್ನ ಸರಿ ಮಾಡ್ತು. ಇಂಥ ತೂತುಗಳು ಕೆಲವು ಸರ್ವರಲ್ಲಿ ಮುಚ್ಚತ್ತೆ, ಕೆಲವು ಗಾಡಿಯೊಳಗೇ ಮುಚ್ಚಬೇಕು.

ಬಾಡಿಗೆ ಗಾಡಿ, ವ್ಯಾಲೆ, ಸರ್ವಿಸ್ ಸೆಂಟರ್

ಸೆಲ್ಫ್ ಡ್ರೈವ್ ಕಾರು ತಗೊಂಡು ಸಕಲೇಶಪುರಕ್ಕೋ ಕೊಡಗಿಗೋ ಹೊರಟಾಗ ಕಾರಿನ ಬ್ಲೂಟೂತ್ ಪಟ್ಟಿ ಒಂದ್ಸಲ ತೆಗೆದು ನೋಡಿ, ನಿಮಗಿಂತ ಮುಂಚೆ ತಗೊಂಡೋರ ಫೋನುಗಳ ಹೆಸರು ಸಾಲಾಗಿ ಇರತ್ತೆ, ಇಂಥವರ ಐಫೋನ್, ಅಂಥವರ ಗ್ಯಾಲಕ್ಸಿ ಅಂತ ನಿಜವಾದ ಹೆಸರಲ್ಲೇ. ವಾಪಸ್ ಕೊಡೋವಾಗ ನಿಮ್ಮದನ್ನ ಅಲ್ಲಿಂದ ಡಿಲೀಟ್ ಮಾಡಿ, ನ್ಯಾವಿಗೇಶನ್ ಹಿಸ್ಟರಿ ಅಳಿಸಿ, ಎರಡೇ ನಿಮಿಷದ ಕೆಲಸ. ನಿಮ್ಮ ಫೋನಿನ ಬ್ಲೂಟೂತ್ ಹೆಸರಲ್ಲಿ ನಿಮ್ಮ ಪೂರ್ತಿ ಹೆಸರಿದ್ರೆ ಅದನ್ನೂ ಬದಲಾಯಿಸಿ. ಚಾರ್ಜಿಗೆ ಯುಎಸ್‌ಬಿ ಪೋರ್ಟ್ ಬಿಟ್ಟು 12 ವೋಲ್ಟಿನ ಸಾಕೆಟ್ಟಿಗೆ ನಿಮ್ಮದೇ ಚಾರ್ಜರ್ ಹಾಕಿ, ಅಲ್ಲಿ ಕರೆಂಟ್ ಬಿಟ್ರೆ ಬೇರೇನೂ ಓಡಾಡಲ್ಲ. ಇನ್ನು ಬಾಡಿಗೆ ಕಂಪನಿಗೆ ಕೊಟ್ಟ ಮಾಹಿತಿ ಅಲ್ಲೇ ಭದ್ರವಾಗಿರತ್ತೆ ಅಂತಾನೂ ಇಲ್ಲ, ಬೆಂಗಳೂರಿನ ಜೂಮ್‌ಕಾರ್ 2025ರ ಜೂನಲ್ಲಿ ಸುಮಾರು 84 ಲಕ್ಷ ಬಳಕೆದಾರರ ಹೆಸರು, ಫೋನ್ ನಂಬರ್, ಗಾಡಿ ನಂಬರ್ ಥರದ ಮಾಹಿತಿ ಬೇರೆಯವರ ಕೈಗೆ ಸಿಕ್ಕಿದೆ ಅಂತ ತಾನೇ ತಿಳಿಸಿತ್ತು. ಅದಕ್ಕೆ ಇಂಥ ಕಡೆ ಬೇಕಾದಷ್ಟೇ ಕೊಡಿ.

ಆಧಾರ್ ಕೇಳಿದ್ರೆ ಮಾಸ್ಕ್ಡ್ ಆಧಾರ್ ಕೊಡಿ, ಯುಐಡಿಎಐ ಸೈಟಿಂದ ಇಳಿಸ್ಕೋಬಹುದು, ಅದ್ರಲ್ಲಿ ಕೊನೇ 4 ಅಂಕಿ ಮಾತ್ರ ಕಾಣತ್ತೆ. ಜೆರಾಕ್ಸ್ ಕೊಡಲೇಬೇಕಾದ್ರೆ ಅದ್ರ ಮೇಲೆ ಅಡ್ಡಲಾಗಿ ಯಾವುದಕ್ಕೆ ಕೊಟ್ಟಿದ್ದು, ಯಾವ ತಾರೀಕು ಅಂತ ಬರೀರಿ, ಅಕ್ಷರ ಫೋಟೋ ಮೇಲೂ ಹಾದು ಹೋಗ್ಲಿ.

ವ್ಯಾಲೆ ಪಾರ್ಕಿಂಗಿಗೆ ಕೊಡೋ ಮುಂಚೆ ಸ್ಕ್ರೀನಲ್ಲಿ ವ್ಯಾಲೆ ಮೋಡ್ ಇದ್ರೆ ಆನ್ ಮಾಡಿ, ಹಲವು ಗಾಡಿಗಳಲ್ಲಿ ಇದೆ, ಪಿನ್ ಹಾಕದೆ ಕಾಂಟ್ಯಾಕ್ಟ್ಸು ನ್ಯಾವಿಗೇಶನ್ನು ತೆಗೆಯೋಕೆ ಆಗಲ್ಲ. ಸರ್ವಿಸಿಗೆ ಬಿಡೋವಾಗ ಡ್ಯಾಶ್‌ಕ್ಯಾಮಿನ ಮೆಮೊರಿ ಕಾರ್ಡ್ ತೆಗೆದು ಜೇಬಿಗೆ ಹಾಕ್ಕೊಳ್ಳಿ, ಅದ್ರಲ್ಲಿ ನಿಮ್ಮ ಮನೆ ಗೇಟು, ಮಗುವಿನ ಸ್ಕೂಲು, ಕಾರೊಳಗಿನ ಮಾತು ಎಲ್ಲ ರೆಕಾರ್ಡ್ ಆಗಿರತ್ತೆ.

ಚಲನ್ ಬಂದಿದೆ ಅಂತ ಬರೋ ಎಪಿಕೆ

ಗಾಡಿ ಇರೋರಿಗೆ ಈಗ ಇದು ದೊಡ್ಡ ಅಪಾಯ. ಎಪಿಕೆ ಅಂದ್ರೆ ಪ್ಲೇ ಸ್ಟೋರಿಗೆ ಹೋಗದೆ ಆಂಡ್ರಾಯ್ಡ್ ಫೋನಿಗೆ ನೇರವಾಗಿ ಆಪ್ ಹಾಕೋ ಫೈಲ್. ವಾಟ್ಸಾಪಲ್ಲಿ ಮೆಸೇಜ್ ಬರತ್ತೆ, ನಿಮ್ಮ ಗಾಡಿ ಸಿಗ್ನಲ್ ಜಂಪ್ ಮಾಡಿದೆ, ಫೋಟೋ ನೋಡೋಕೆ ಈ ಆಪ್ ಹಾಕ್ಕೊಳ್ಳಿ ಅಂತ, ಸರ್ಕಾರದ ಸಾರಿಗೆ ಸೈಟ್ ಪರಿವಾಹನ್ ಲೋಗೋ ಇರತ್ತೆ, ಎಷ್ಟೋ ಸಲ ಗಾಡಿ ನಂಬರೂ ಸರಿಯಾಗಿರತ್ತೆ. ಹಾಕ್ಕೊಂಡ್ರೆ ಅದು ಎಸ್ಸೆಮ್ಮೆಸ್ ಓದೋ ಪರ್ಮಿಷನ್ ಕೇಳತ್ತೆ, ಕೊಟ್ರೆ ಒಟಿಪಿ ಎಲ್ಲ ಅವರಿಗೆ ಹೋಗತ್ತೆ, ಅಕೌಂಟ್ ಖಾಲಿ. ಆಮೇಲೆ ನಿಮ್ಮ ವಾಟ್ಸಾಪಿಂದಾನೇ ನಿಮ್ಮ ಗ್ರೂಪಿಗೆಲ್ಲ ಅದೇ ಫೈಲ್ ಹೋಗತ್ತೆ, ನಿಮ್ಮ ಹೆಸರು ನೋಡಿ ನಂಬಿ ಅವರೂ ಒತ್ತುತಾರೆ.

ನಮ್ಮ ಗಾಡಿ ನಂಬರ್, ಫೋನ್ ನಂಬರ್ ಅವರಿಗೆ ಹೇಗೆ ಸಿಕ್ತು ಅಂತ ಎಲ್ಲರೂ ಕೇಳ್ತಾರೆ. ಎಲ್ಲಿಂದ ಅಂತ ಬೆರಳು ತೋರಿಸೋದು ಕಷ್ಟ, ಯಾಕಂದ್ರೆ ಪಾರ್ಕಿಂಗ್ ರಿಜಿಸ್ಟರ್, ಇನ್ಶೂರೆನ್ಸ್ ಏಜೆಂಟ್, ಅಪಾರ್ಟ್ಮೆಂಟ್ ಗೇಟ್ ಆಪು, ಹೀಗೆ ನಾವು ಬರ್ದು ಕೊಟ್ಟಿರೋ ಜಾಗ ಒಂದೆರಡಲ್ಲ. ಸರ್ಕಾರವೇ ವಾಹನ್ (ಗಾಡಿ ನೋಂದಣಿ) ಮತ್ತೆ ಸಾರಥಿ (ಡ್ರೈವಿಂಗ್ ಲೈಸೆನ್ಸ್) ಡೇಟಾಬೇಸನ್ನ ದುಡ್ಡಿಗೆ ಖಾಸಗಿ ಕಂಪನಿಗಳ ಜೊತೆ ಹಂಚ್ಕೊಂಡಿತ್ತು, 2019ರ ಜುಲೈನಲ್ಲಿ ಸಾರಿಗೆ ಸಚಿವ ನಿತಿನ್ ಗಡ್ಕರಿ ರಾಜ್ಯಸಭೆಗೆ ಕೊಟ್ಟ ಉತ್ತರದಲ್ಲಿ ಇದ್ರಿಂದ 65 ಕೋಟಿ ರೂಪಾಯಿ ಬಂದಿದೆ ಅಂತ ಇತ್ತು. ಆ ಪಾಲಿಸಿನ 2020ರಲ್ಲಿ ವಾಪಸ್ ತಗೊಂಡ್ರು, ಪ್ರೈವೆಸಿ ಕಾಳಜಿಯ ಕಾರಣ ಕೊಟ್ಟು. ಒಳ್ಳೇದೇ ಮಾಡಿದ್ರು, ಆದ್ರೆ ಹೋದ ಡೇಟಾ ವಾಪಸ್ ಬರಲ್ಲ.

ನೀವು ಮಾಡ್ಬೇಕಾದ್ದು ಇಷ್ಟು. ವಾಟ್ಸಾಪಲ್ಲಿ ಬಂದ ಎಪಿಕೆ ಫೈಲ್ ಯಾವತ್ತೂ ಮುಟ್ಟಬೇಡಿ, ಮದುವೆ ಕರೆಯೋಲೆ ಅಂತ ಬಂದ್ರೂ ಸರಿ. ಫೈನ್ ಇದ್ಯಾ ನೋಡಬೇಕಾದ್ರೆ ನೀವೇ ಪರಿವಾಹನ್ ಇ-ಚಲನ್ ಸೈಟಿಗೋ ಕರ್ನಾಟಕ ಒನ್‌ಗೋ ಹೋಗಿ ನೋಡಿ. 2023ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಫೈನಿಗೆ 50% ರಿಯಾಯಿತಿ ಕೊಟ್ಟಿದ್ರಲ್ಲ, ಅಂಥ ಸಮಯದಲ್ಲಿ ಜನ ಅವಸರದಲ್ಲಿ ಇರ್ತಾರೆ, ಆಗಲೇ ಜಾಸ್ತಿ ಎಚ್ಚರ ಬೇಕು. ಹಾಕ್ಕೊಂಡೇಬಿಟ್ಟಿದ್ರೆ ಮೊದ್ಲು ಇಂಟರ್ನೆಟ್ ಆಫ್ ಮಾಡಿ, ಬೇರೆ ಫೋನಿಂದ ಬ್ಯಾಂಕಿಗೆ ಕಾಲ್ ಮಾಡಿ, ದುಡ್ಡು ಹೋಗಿದ್ರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ತಕ್ಷಣ. ಗಂಟೆ ತಡ ಆದಷ್ಟೂ ದುಡ್ಡು ಅಕೌಂಟಿಂದ ಅಕೌಂಟಿಗೆ ಹಾರಿ ದೂರ ಹೋಗತ್ತೆ.

ಮನೆಯೊಳಗೇ ಯಾರೋ ನೋಡ್ತಿದ್ರೆ

ಇದನ್ನ ಬರೀಬೇಕೋ ಬೇಡ್ವೋ ಅಂತ ಯೋಚಿಸಿದೆ, ಬರೀಲೇಬೇಕು ಅನಿಸ್ತು. ಕಾರ್ ಆಪಿನ ಮೇನ್ ಅಕೌಂಟ್ ಸಾಮಾನ್ಯವಾಗಿ ಗಂಡನ ಹೆಸರಲ್ಲೋ ಅಪ್ಪನ ಹೆಸರಲ್ಲೋ ಇರತ್ತೆ, ಗಾಡಿ ಓಡಿಸೋದು ಹೆಂಡ್ತಿ ಅಥವಾ ಮಗಳು. ಜಿಯೋಫೆನ್ಸ್, ಅಂದ್ರೆ ಮ್ಯಾಪಲ್ಲಿ ಒಂದು ಗೆರೆ, ಹಾಕಿದ್ರೆ ಗಾಡಿ ಆ ಗೆರೆ ದಾಟಿದ ಕೂಡ್ಲೇ ಅಕೌಂಟ್ ಇರೋರಿಗೆ ಮೆಸೇಜ್ ಹೋಗತ್ತೆ. ಮಗಳು ರಾತ್ರಿ ಮೈಸೂರಿಂದ ವಾಪಸ್ ಬರ್ತಿದಾಳೆ ಅಂತ ನೋಡೋದು ಪ್ರೀತಿ, ಆದ್ರೆ ಅದು ಅವಳಿಗೆ ಗೊತ್ತಿರಬೇಕು, ಅವಳು ಹೂಂ ಅಂದಿರಬೇಕು. ಹೇಳದೇ ನೋಡೋದು ತಪ್ಪು, ಎಷ್ಟೇ ಒಳ್ಳೇ ಮನಸ್ಸಿಂದ ಆದ್ರೂ.

ಹಿಂಸೆ ಇರೋ ಮನೆಯಿಂದ ಹೊರಗೆ ಬರ್ತಿರೋ ಹೆಣ್ಣುಮಕ್ಕಳಿಗೆ ಒಂದು ಮಾತು. ಆಪಿಂದ ಹಿಂಸೆ ಕೊಡ್ತಿರೋರ ಹೆಸರು ತೆಗೆಯೋದು, ಲೊಕೇಶನ್ ಆಫ್ ಮಾಡೋದು ಅವಸರದಲ್ಲಿ ಮಾಡಬೇಡಿ, ಆಚೆಯವರಿಗೆ ಅದು ಗೊತ್ತಾಗಬಹುದು. ಮೊದ್ಲು ನೀವು ಸುರಕ್ಷಿತ ಜಾಗಕ್ಕೆ ಹೋಗಿ, ಬೇಕಾದ್ರೆ ಆ ಕಾರು ಬಿಟ್ಟು ಬಸ್ಸಲ್ಲಿ ಹೋಗಿ. 181 ಮಹಿಳಾ ಸಹಾಯವಾಣಿ, ತುರ್ತಾದ್ರೆ 112, ಕರೆ ಮಾಡೋಕೆ ಆದಷ್ಟೂ ಬೇರೆ ಫೋನ್ ಬಳಸಿ. ಗೂಗಲ್ ಮ್ಯಾಪ್ಸ್ ಲೊಕೇಶನ್ ಶೇರಿಂಗ್, ವಾಟ್ಸಾಪ್ ಲಿಂಕ್ಡ್ ಡಿವೈಸಸ್, ಇವೆರಡು ಜಾಗ ಆಮೇಲೆ ತಪ್ಪದೇ ನೋಡಿ.

ಫೋನ್ ಕಳೆದೋದ್ರೆ ಯಾವುದು ಮೊದಲು

ಗಾಬರೀಲಿ ಎಲ್ಲರೂ ಮೊದ್ಲು ಆ ನಂಬರಿಗೆ ಕಾಲ್ ಮಾಡ್ತಾ ಕೂರ್ತಾರೆ. ಎರಡು ಸಲ ಮಾಡಿ, ಸಾಕು. ಆಮೇಲೆ ಈ ಕ್ರಮದಲ್ಲಿ ಹೋಗಿ.

1. ಬೇರೆ ಫೋನಿಂದ ಗೂಗಲ್ ಅಥವಾ ಆಪಲ್ ಅಕೌಂಟಿಗೆ ಲಾಗಿನ್ ಆಗಿ ಫೋನನ್ನ ದೂರದಿಂದಲೇ ಲಾಕ್ ಮಾಡಿ. ಇದಕ್ಕೆ ಆ ಪಾಸ್‌ವರ್ಡ್ ನಿಮಗೆ ಬಾಯಲ್ಲಿ ಬರಬೇಕು, ಅಥವಾ ಮನೇಲಿ ಬರ್ದಿಟ್ಟಿರಬೇಕು, ಇವತ್ತೇ ನೋಡ್ಕೊಳ್ಳಿ.

2. ಕಾರಿನ ಆಪ್ ಅಕೌಂಟಿನ ಪಾಸ್‌ವರ್ಡ್ ಬದಲಾಯಿಸಿ, ಎಲ್ಲ ಡಿವೈಸಿಂದ ಲಾಗೌಟ್ ಮಾಡಿ. ಆಗ್ಲಿಲ್ಲ ಅಂದ್ರೆ ಕಾರ್ ಕಂಪನಿ ಸಹಾಯವಾಣಿಗೆ ಕಾಲ್ ಮಾಡಿ ರಿಮೋಟ್ ಸೌಲಭ್ಯ ನಿಲ್ಲಿಸೋಕೆ ಹೇಳಿ. ಇದನ್ನ ಯಾರೂ ನೆನಪಿಟ್ಕೊಳ್ಳಲ್ಲ, ಗಾಡಿ ಮನೆ ಮುಂದೆ ನಿಂತಿರತ್ತೆ, ಅದ್ರ ಕೀ ಯಾರದೋ ಜೇಬಲ್ಲಿ ಓಡಾಡ್ತಿರತ್ತೆ.

3. ಸಿಮ್ ಬ್ಲಾಕ್ ಮಾಡ್ಸಿ, ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ.

4. ಪೊಲೀಸ್ ಕಂಪ್ಲೇಂಟ್ ಕೊಡಿ, ಕರ್ನಾಟಕದಲ್ಲಿ ಪೊಲೀಸ್ ಆಪಿನ ಇ-ಲಾಸ್ಟ್ ಸೌಲಭ್ಯದಲ್ಲೇ ದೂರು ದಾಖಲಿಸಬಹುದು. ಆ ದೂರಿನ ಪ್ರತಿ ಇಟ್ಕೊಂಡು ಸರ್ಕಾರದ ಸಂಚಾರ್ ಸಾಥಿ ಸೈಟಲ್ಲಿ ಐಎಂಇಐ, ಅಂದ್ರೆ ಫೋನಿನ ಗುರುತಿನ ನಂಬರ್ ಹಾಕಿ ಬ್ಲಾಕ್ ಮಾಡಿ, ಆಮೇಲೆ ದೇಶದ ಯಾವ ನೆಟ್‌ವರ್ಕಲ್ಲೂ ಆ ಫೋನ್ ಓಡಲ್ಲ. ಐಎಂಇಐ ಬೇಕಾದ್ರೆ *#06# ಒತ್ತಿದ್ರೆ ಬರತ್ತೆ, ಆದ್ರೆ ಕಳೆದ್ಮೇಲೆ ಒತ್ತೋಕೆ ಫೋನೇ ಇರಲ್ಲ, ಈಗಲೇ ಒತ್ತಿ ಒಂದು ಡೈರೀಲಿ ಬರ್ದಿಡಿ.

ಗಾಡಿ ಮಾರೋವಾಗ

ನಾನು ತಪ್ಪಿದ್ದು ಇಲ್ಲೇ. ಮಾರಿದ ದಿನ ಆಪ್ ಅನ್‌ಇನ್‌ಸ್ಟಾಲ್ ಮಾಡಿದ್ದೆ, ಹೊಸ ಫೋನ್ ತಗೊಂಡಾಗ ಬ್ಯಾಕಪ್ಪಿಂದ ಅದು ಮತ್ತೆ ಬಂತು, ಲಾಗಿನ್ ಆದೆ, ಗಾಡಿ ಅಲ್ಲೇ ಇತ್ತು. ಆಪ್ ತೆಗೆದ್ರೆ ಅಕೌಂಟ್ ಹೋಗಲ್ಲ, ಇದನ್ನ ಚೆನ್ನಾಗಿ ತಿಳ್ಕೊಳ್ಳಿ.

ಮೊದ್ಲು ಆಪಿನ ಒಳಗೆ ಹೋಗಿ ಗಾಡಿನ ನಿಮ್ಮ ಅಕೌಂಟಿಂದ ತೆಗೀರಿ, ಓನರ್‌ಶಿಪ್ ಟ್ರಾನ್ಸ್‌ಫರ್ ಅಥವಾ ರಿಮೂವ್ ವೆಹಿಕಲ್ ಅಂತ ಇರತ್ತೆ. ಇಲ್ಲಾಂದ್ರೆ ಕಂಪನಿಗೆ ಇಮೇಲ್ ಮಾಡಿ, ಫೋನಲ್ಲಿ ಹೇಳಿದ್ರೆ ಸಾಲದು, ಬರಹದಲ್ಲಿ ಇರ್ಲಿ. ನನ್ನ ವಿಷಯದಲ್ಲಿ ಸಹಾಯವಾಣಿಯವರು ಮೂರು ಸಲ ಆಯ್ತು ಸರ್ ಅಂದ್ರು, ಏನೂ ಆಗಿರ್ಲಿಲ್ಲ, ಆರ್‌ಸಿ ಟ್ರಾನ್ಸ್‌ಫರ್ ಆದ ಪ್ರತಿ ಲಗತ್ತಿಸಿ ಇಮೇಲ್ ಹಾಕಿದ್ಮೇಲೆ ಹೋಯ್ತು. ಅಷ್ಟರಲ್ಲಿ ನಾನೇ ಆ ತುಮಕೂರಿನವರಿಗೆ ಕಾಲ್ ಮಾಡಿ ವಿಷಯ ಹೇಳಿದ್ದೆ, ಅವರು ಒಂದು ನಿಮಿಷ ಮಾತೇ ಆಡ್ಲಿಲ್ಲ.

ಅದಾದ್ಮೇಲೆ ಕಾರಲ್ಲಿ ಕೂತು ಬ್ಲೂಟೂತ್ ಪಟ್ಟಿ ಖಾಲಿ ಮಾಡಿ, ಸ್ಕ್ರೀನಿನ ಸೆಟ್ಟಿಂಗ್ಸಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿ, ಆಮೇಲೆ ಮತ್ತೆ ಆನ್ ಮಾಡಿ ನಿಜಕ್ಕೂ ಹೋಯ್ತಾ ನೋಡಿ. ಪೆನ್‌ಡ್ರೈವ್, ಡ್ಯಾಶ್‌ಕ್ಯಾಮ್ ಕಾರ್ಡ್ ತೆಗೀರಿ. ಗಾಡಿಯ ದೋಷ ಪರೀಕ್ಷಿಸೋಕೆ ಸ್ಟೀರಿಂಗ್ ಕೆಳಗೆ ಇರೋ ಒಬಿಡಿ ಪೋರ್ಟಲ್ಲಿ ಯಾವುದಾದ್ರೂ ಸಣ್ಣ ಡಿವೈಸ್ ಸಿಕ್ಕಿಸಿದ್ರೆ ಅದನ್ನೂ. ಗ್ಲವ್ ಬಾಕ್ಸಲ್ಲಿ ಹಳೇ ಇನ್ಶೂರೆನ್ಸ್ ಕಾಪಿ, ಸರ್ವಿಸ್ ಬಿಲ್ಲು, ಅದ್ರ ಮೇಲೆಲ್ಲ ನಿಮ್ಮ ಅಡ್ರೆಸ್ಸು ಫೋನ್ ನಂಬರ್ರು ಇರತ್ತೆ, ಕಾಗದದ ಡೇಟಾನೂ ಡೇಟಾನೇ. ಫಾಸ್ಟ್ಯಾಗ್ ಕೊಟ್ಟ ಬ್ಯಾಂಕಲ್ಲಿ ಕ್ಲೋಸ್ ಮಾಡ್ಸಿ, ಇಲ್ಲಾಂದ್ರೆ ಟೋಲ್ ದುಡ್ಡು ನಿಮ್ಮದು ಹೋಗತ್ತೆ, ಜೊತೆಗೆ ಆ ಗಾಡಿ ಯಾವ ಟೋಲ್ ಯಾವಾಗ ದಾಟ್ತು ಅಂತ ನಿಮಗೆ ಎಸ್ಸೆಮ್ಮೆಸ್ ಬರ್ತಾನೇ ಇರತ್ತೆ. ಗಾಡಿ ಹೆಸರು ಬದಲಾಯಿಸೋ ಫಾರ್ಮ್ 29, 30ಕ್ಕೆ ಸಹಿ ಹಾಕಿ ಕೊಟ್ಟು ಸುಮ್ನಾಗಬೇಡಿ, ರಾಜ್ಯದೊಳಗೇ ಮಾರಿದ್ರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸೋದು ಮಾರಿದವರ ಜವಾಬ್ದಾರಿ. ಖಾಲಿ ಫಾರ್ಮಿಗೆ ಸಹಿ ಹಾಕಿ ಜೊತೆಗೆ ಆಧಾರ್, ಪ್ಯಾನ್ ಜೆರಾಕ್ಸ್ ಬ್ರೋಕರ್ ಕೈಗಿಡೋದಂತೂ ಬೇಡವೇ ಬೇಡ.

ಕಾನೂನು ನಮ್ಮ ಕಡೆ ನಿಧಾನಕ್ಕೆ ಬರ್ತಿದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ಕ್ಕೆ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತಲ್ಲ, ಆ ಕೇಸ್ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು, ಅದೂ ವಯಸ್ಸಾದ ಮೇಲೆ. ನಂಗೆ ಅದು ತುಂಬ ಹೆಮ್ಮೆ ವಿಷಯ. ಡೇಟಾ ರಕ್ಷಣೆ ಕಾಯ್ದೆ 2023ರಲ್ಲಿ ಬಂತು, ಅದ್ರ ನಿಯಮಗಳು 2025ರ ನವೆಂಬರಲ್ಲಿ ಬಂದ್ವು, ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರೋಕೆ 18 ತಿಂಗಳು ಟೈಮ್ ಕೊಟ್ಟಿದಾರೆ. ಅದು ಪೂರ್ತಿ ಜಾರಿಯಾದ್ಮೇಲೆ ನನ್ನ ಡೇಟಾ ಅಳಿಸಿ ಅಂತ ಕೇಳೋದು ನಿಮ್ಮ ಹಕ್ಕು. ಈಗಲೂ ಕೇಳಿ, ಇಮೇಲಿನ ಪ್ರತಿ ಇಟ್ಕೊಳ್ಳಿ.

ಹಳೇ ಗಾಡಿ ಕೊಳ್ಳೋವಾಗ

ಟೈರು, ಇಂಜಿನ್ನು, ಓಡಿರೋ ಕಿಲೋಮೀಟರು ಎಲ್ಲ ನೋಡ್ತೀರ, ಅದ್ರ ಜೊತೆ ಈ ಪ್ರಶ್ನೆನೂ ಕೇಳಿ: ಈ ಗಾಡಿ ಆಪ್ ಯಾರ ಹೆಸರಲ್ಲಿದೆ? ದುಡ್ಡು ಪೂರ್ತಿ ಕೊಡೋ ಮುಂಚೆ ಮಾರೋರು ನಿಮ್ಮ ಎದುರೇ ಆಪ್ ತೆಗೆದು ಗಾಡಿನ ರಿಮೂವ್ ಮಾಡ್ಲಿ, ಆಮೇಲೆ ನಿಮ್ಮ ನಂಬರಲ್ಲಿ ರಿಜಿಸ್ಟರ್ ಮಾಡ್ಕೊಳ್ಳಿ. ಡೀಲರ್ ಮೂಲಕ ಕೊಂಡ್ರೆ ಹಳೇ ಓನರ್ ಸಿಗಲ್ಲ, ಆಗ ಕಾರ್ ಕಂಪನಿಗೆ ಚಾಸಿ ನಂಬರ್ ಕೊಟ್ಟು ಇದು ಈಗ ಯಾರ ಅಕೌಂಟಿಗೆ ಜೋಡಣೆ ಆಗಿದೆ, ತೆಗೀರಿ ಅಂತ ಬರಹದಲ್ಲಿ ಕೇಳಿ. ಉಚಿತ ಸಬ್‌ಸ್ಕ್ರಿಪ್ಶನ್ ಮುಗಿದಿದೆ, ಆಪ್ ಓಡಲ್ಲ ಅಂತ ಹೇಳಿದ್ರೂ ಕೇಳಿ, ನಾಳೆ ಹಳೇ ಓನರ್ ದುಡ್ಡು ಕಟ್ಟಿ ರಿನ್ಯೂ ಮಾಡಿದ್ರೆ ಏನಾಗತ್ತೆ ಅಂತ. ಎರಡೂ ಕೀ ಇಸ್ಕೊಳ್ಳಿ. ಸ್ಕ್ರೀನ್ ನೀವೇ ಒಮ್ಮೆ ರೀಸೆಟ್ ಮಾಡಿ, ಹಳಬರ ಕಾಂಟ್ಯಾಕ್ಟ್ಸ್ ಕಂಡ್ರೆ ಓದಬೇಡಿ, ಅಳಿಸಿ.

ತುಮಕೂರಿನವರು ಆಮೇಲೆ ಒಂದಿನ ವಾಟ್ಸಾಪಲ್ಲಿ ನನಗೊಂದು ಫೋಟೋ ಕಳಿಸಿದ್ರು, ಕಾರ್ ಸ್ಕ್ರೀನಿನದ್ದು, ಕಾಂಟ್ಯಾಕ್ಟ್ಸ್ ಜಾಗದಲ್ಲಿ ಸೊನ್ನೆ. ಕೆಳಗೆ ಬರ್ದಿದ್ರು, ನಿಮ್ಮ ಅಮ್ಮನ ನಂಬರ್ ಮೇಲೇ ಇತ್ತು, ಅದನ್ನೂ ಅಳಿಸಿದೀನಿ ಅಂತ.